ಹತ್ತು ಸೆಕೆಂಡಿನ ದೂರು ಸಂಖ್ಯೆಯೂ ನನ್ನ ಹತ್ತು ಬೆರಳುಗಳೂ

ಬೀದಿ ದೂರು ಆ್ಯಪ್‌ನ ಮೇಲಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ ತಮ್ಮ ಆ್ಯಪೂ ಸುಖವಾಗಿದ್ದೀರೆಂದು ನಂಬಿ, ಬಸವೇಶ್ವರನಗರದ ಅನಂತಲಕ್ಷ್ಮಿ ಮಾಡುವ ನಮಸ್ಕಾರಗಳು. ವಿಜಯನಗರದ ಟೈಪಿಂಗ್ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿದ ನನಗೆ, ಗುಂಡಿ ಒತ್ತುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲವೆಂಬ ಜಂಬವಿತ್ತು. ಅದನ್ನು ಇಳಿಸಿದ್ದಕ್ಕೆ ಮೊದಲು ಕೃತಜ್ಞತೆ ಸಲ್ಲಿಸಬೇಕು.

ಕೇಬಲ್ ಹಾಕಲು ಬಂದವರು ನಮ್ಮ ಗೇಟಿನ ಮುಂದಿನ ಚರಂಡಿಯ ಚಪ್ಪಡಿಯನ್ನು ಎತ್ತಿ, ಒಡೆದು, ಹಾಗೆಯೇ ಹೊರಟುಹೋದರೆಂದು ನಾನು ತಮ್ಮ ಆ್ಯಪ್‌ನಲ್ಲಿ ದೂರಿದೆ. ಅದು ದೂರು ಸಂಖ್ಯೆಯನ್ನು ಹತ್ತೇ ಸೆಕೆಂಡು ತೋರಿಸಿ, ಇದರ ಸ್ಕ್ರೀನ್‌ಶಾಟ್ ಲಗತ್ತಿಸಿದರೆ ಮಾತ್ರ ಕ್ರಮ ಎಂದು ಅಪ್ಪಣೆ ಕೊಟ್ಟು ಮಾಯವಾಯಿತು. ಸಂಖ್ಯೆಯನ್ನು ಕ್ಯಾಲೆಂಡರಿನ ಹಿಂದೆ ಗುಂಡಗೆ ಬರೆದುಕೊಂಡಿದ್ದೆ, ಅದು ನಡೆಯದಂತೆ.

ಸರಿ, ಮತ್ತೆ ದೂರು ದಾಖಲಿಸಿ, ಮೊಬೈಲಿನ ಪವರ್ ಗುಂಡಿಯನ್ನೂ ವಾಲ್ಯೂಮ್ ಗುಂಡಿಯನ್ನೂ ಒಟ್ಟಿಗೆ ಒತ್ತಿದೆ. ಒಮ್ಮೆ ಪರದೆ ಕಪ್ಪಾಯಿತು, ಒಮ್ಮೆ ಸದ್ದು ಅಡಗಿತು. ಪಟಪಟನೆ ಐದಾರು ಸಲ ಒತ್ತಿದಾಗ, ಮೊಬೈಲು ನನಗೆ ಪ್ರಾಣಾಪಾಯವೆಂದು ತಿಳಿದು ಮಹಡಿಯ ಬಾಡಿಗೆ ಮನೆಯ ಕುಸುಮಾಳಿಗೆ ಸುದ್ದಿ ಮುಟ್ಟಿಸಿತು. ಆಫೀಸಿಗೆಂದು ಸ್ಕೂಟರಿನಲ್ಲಿ ನವರಂಗ್ ಸರ್ಕಲ್ ತನಕ ಹೋಗಿದ್ದವಳು ಹೆಲ್ಮೆಟ್ಟನ್ನೂ ತೆಗೆಯದೆ ಒಳಗೆ ನುಗ್ಗಿದಳು.

"ಆಂಟಿ! ಏನಾಯ್ತು? ಆಪತ್ತಲ್ಲಿದೀರಾ ಅಂತ ಮೆಸೇಜ್ ಬಂತು!"

"ಏನಿಲ್ಲ ಕಣೇ, ಸ್ಕ್ರೀನ್‌ಶಾಟ್ ತೆಗೀತಿದ್ದೆ."

ಆ ಪುಣ್ಯಾತ್ಗಿತ್ತಿ ಬಯ್ಯಲಿಲ್ಲ. ತನ್ನ ಹಳೆಯ ಲ್ಯಾಪ್‌ಟಾಪನ್ನು ಬಿಟ್ಟುಹೋದಳು. ಅದರಲ್ಲಿ ಪ್ರಿಂಟ್ ಸ್ಕ್ರೀನ್ ಎಂಬ ಗುಂಡಿ ಕಂಡು, ಪರಿಚಿತರು ಸಿಕ್ಕಂತೆ ಹಿಗ್ಗಿ ಒತ್ತಿದೆ. ಏನೂ ಆಗಲಿಲ್ಲ. ಚಿತ್ರ ಒಳಗೇ ಅಡಗಿರುತ್ತದೆ, ಬೇರೆಡೆ ಅಂಟಿಸಿದರೆ ಮಾತ್ರ ಈಚೆ ಬರುತ್ತದೆ ಎಂದು ಸಂಜೆ ಕುಸುಮಾ ಹೇಳುವಷ್ಟರಲ್ಲಿ ನಾನು ಲ್ಯಾಪ್‌ಟಾಪು ಮುಚ್ಚಿಯಾಗಿತ್ತು. ಭಾವಮೈದುನ ರುದ್ರಮುನಿಯವರ ದುಬಾರಿ ಫೋನಿನಲ್ಲಿ ಗುಂಡಿಗಳು ಎಡಕ್ಕೊಂದು ಬಲಕ್ಕೊಂದು. ಎರಡೂ ಕೈಯಲ್ಲಿ ಹಿಡಿದು ಒತ್ತುವಷ್ಟರಲ್ಲಿ ಸಂಖ್ಯೆ ಮಾಯವಾಗಿ, ಪರದೆಗೆ ಬಂದದ್ದು ಅವರ ಬೀಗರ ಗುಡ್ ಮಾರ್ನಿಂಗ್ ಸಂದೇಶ. ಕಡೆಗೆ ಒಂದು ಮೊಬೈಲಿನಿಂದ ಇನ್ನೊಂದರ ಫೋಟೋ ತೆಗೆದು ಕಳಿಸಿದೆ. 'ಇದು ಸ್ಕ್ರೀನ್‌ಶಾಟ್ ಅಲ್ಲ' ಎಂದು ತಮ್ಮ ಆ್ಯಪ್ ನಿಮಿಷದೊಳಗೆ ಪತ್ತೆಹಚ್ಚಿತು. ಹನ್ನೊಂದು ದಿನವಾದರೂ ಚರಂಡಿಯನ್ನು ಕಾಣದ ಕಣ್ಣಿಗೆ ಇಷ್ಟು ಸೂಕ್ಷ್ಮ ದೃಷ್ಟಿ ಇರುವುದು ನಮ್ಮ ಭಾಗ್ಯ.

ಹನ್ನೆರಡನೆಯ ದಿನ ಬೆಳಿಗ್ಗೆ ನಾನು ಸೋಫಾದಲ್ಲಿ ಕುಳಿತು ಗುಂಡಿ ಒತ್ತುವ ಅಭ್ಯಾಸದಲ್ಲಿದ್ದಾಗ ಹೊರಗೆ ದೊಪ್ಪೆಂದಿತು. ಇಸ್ತ್ರಿ ಕೊಟ್ರಪ್ಪ ಎದೆಯೆತ್ತರದ ಬಟ್ಟೆಗಂಟು ಹೊತ್ತು ಬಂದವನು, ಕಾಲ ಕೆಳಗಿನದು ಕಾಣದೆ ಚರಂಡಿಗೆ ಬಿದ್ದಿದ್ದ. ಗಂಟನ್ನು ಮಾತ್ರ ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದಿದ್ದ.

"ಬಟ್ಟೆ ತಗೊಳಿ ಅಮ್ಮಾ, ಒದ್ದೆ ಆಗ್ಬಿಟ್ಟಾವು. ಆಮೇಲೆ ನನ್ನ ಎತ್ತೋರಂತೆ."

ಕಣಕಾಲಿನ ಮೂಳೆ ಮುರಿದಿತ್ತು. ಅವನನ್ನು ಆಟೋದಲ್ಲಿ ಕೂರಿಸುವಾಗಲೂ ನನ್ನ ಕೈಯಲ್ಲಿ ಮೊಬೈಲಿತ್ತು, ಮಾನ್ಯರೇ. ಹನ್ನೆರಡು ದಿನ ಒಂದು ಹಲಗೆಯನ್ನಾದರೂ ಅಡ್ಡ ಇಡದೆ ಅದನ್ನೇ ಹಿಡಿದು ಕುಳಿತಿದ್ದೆನಲ್ಲ ಎಂದು ಮೈ ಹಿಡಿಯಷ್ಟಾಯಿತು.

ಅಂದು ಮಧ್ಯಾಹ್ನವೇ, ನಮ್ಮ ಬೀದಿಯಲ್ಲೇ ಹಳೆಯ ಮನೆ ಕೆಡವಿಸುತ್ತಿದ್ದ ಕಾಂತರಾಜು ಅವರ ಬಳಿ ಚಪ್ಪಡಿ ಕಲ್ಲು ಬೇಡಿದೆ. "ಕೇಳೋದೇನಮ್ಮ, ತಗೊಂಡೋಗಿ" ಎಂದವರು ತಾವೇ ಒಂದು ತುದಿ ಹಿಡಿದರು. ಆರು ಜನ ಸೇರಿ ಅರ್ಧ ಗಂಟೆಯಲ್ಲಿ ಚರಂಡಿ ಮುಚ್ಚಿದೆವು. ಯಾರೂ ಯಾರನ್ನೂ ಲಗತ್ತು ಕೇಳಲಿಲ್ಲ.

ಸಂಜೆ ತಮ್ಮ ಸಂದೇಶ ಬಂತು: 'ಸ್ಕ್ರೀನ್‌ಶಾಟ್ ಬಾರದ ಕಾರಣ ತಮ್ಮ ದೂರು ಪರಿಹಾರವಾಗಿದೆ.' ಎರಡು ಗುಂಡಿ ಒಟ್ಟಿಗೆ ಒತ್ತಿದೆ. ಚಕ್ಕೆಂದಿತು. ನನ್ನ ಜೀವಮಾನದ ಮೊದಲ ಸ್ಕ್ರೀನ್‌ಶಾಟ್ ಅದು, ಇದರೊಡನೆ ಲಗತ್ತಿಸಿದ್ದೇನೆ. ಇನ್ನು ಮುಂದೆ ಸ್ಕ್ರೀನ್‌ಶಾಟ್ ಬರುವವರೆಗೆ ಯಾರೂ ಗುಂಡಿಗೆ ಬೀಳಬಾರದೆಂದು ಒಂದು ಸುತ್ತೋಲೆ ಹೊರಡಿಸಿ, ಗುಂಡಿಗಳಿಗೂ ಅದರ ಪ್ರತಿ ಕಳಿಸಬೇಕೆಂದು ಪ್ರಾರ್ಥನೆ.

ಇಂತು, ಪರದೆಯ ಈಚೆಗಿರುವ ತಮ್ಮ ವಿಶ್ವಾಸಿ,
ಅನಂತಲಕ್ಷ್ಮಿ

ಮರೆತಿದ್ದೆ: ಕೊಟ್ರಪ್ಪನ ಕಾಲಿನ ಎಕ್ಸ್‌ರೇ ಕೂಡ ಇಟ್ಟಿದ್ದೇನೆ. ಇದು ಸ್ಕ್ರೀನ್‌ಶಾಟ್ ಅಲ್ಲವೆಂಬುದು ಗೊತ್ತು. ಆದರೆ ಹತ್ತು ಸೆಕೆಂಡಿಗೆ ಮಾಯವಾಗುವುದಿಲ್ಲ, ನಿಧಾನವಾಗಿ ನೋಡಬಹುದು.