ಮೊಬೈಲು ನುಂಗಿದ ‘ಇಲ್ಲ’

ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಪಾಠ ಮಾಡಿದವನಿಗೆ ಹೆಂಡತಿಗೊಂದು ವೆಬ್ ಪುಟ ಮಾಡಿಕೊಡುವುದು ಎಷ್ಟರ ಕೆಲಸ? ಒಂದು ಮಧ್ಯಾಹ್ನದ್ದು. ಹಾಗೆಂದು ನಾನೇ ಘೋಷಿಸಿದ್ದೆ!

ನನ್ನಾಕೆ ಫ್ಲೇವಿ ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ, ಈ ಕ್ರಿಸ್ಮಸ್‌ಗೆ ಕುಸ್ವಾರ್ ಮಾರಲು ಹೊರಟಿದ್ದಳು. ನೆವ್ರಿ, ಕಿಡ್ಯೊ, ಗುಳಿಯೊ ಎಂದು ಹಬ್ಬದ ತಿಂಡಿಗಳೆಲ್ಲ ಮಣ್ಣಗುಡ್ಡದ ನಮ್ಮ ಅಡುಗೆಮನೆಯಲ್ಲೇ ತಯಾರಾಗಿ ಡಬ್ಬ ಸೇರಿದ್ದವು. ಈ ಸಲ ಗಿರಾಕಿಗಳು ಬಾರದಿದ್ದರೆ ಇನ್ನು ಈ ಸುದ್ದಿಯನ್ನೇ ಎತ್ತುವುದಿಲ್ಲ ಎಂದಿದ್ದಳು. ಹಾಗೆನ್ನುವಾಗ ಅವಳ ಮುಖ ನೋಡಿ ನನಗೂ ಭಯವಾಗಿತ್ತು. ಆದ್ದರಿಂದ ಪುಟ ಭರ್ಜರಿಯಾಗಿಯೇ ಇರತಕ್ಕದ್ದೆಂದು ನಿಶ್ಚಯಿಸಿದೆ.

ನನ್ನ ದೊಡ್ಡ ಮಾನಿಟರಿನ ಅಗಲ ಎಷ್ಟೋ, ಪುಟದ ಅಗಲವನ್ನೂ ಅಷ್ಟಕ್ಕೇ ನಿಗದಿಪಡಿಸಿದೆ. ಹಿನ್ನೆಲೆಗೆ ತಟ್ಟೆ ತುಂಬ ಕುಸ್ವಾರಿನ ಫೋಟೊ. ಅದರ ಮೇಲೆ ದಪ್ಪಕ್ಷರದ ಸಾಲುಗಳು. ಸಾಲು ಮುರಿದರೆ ಅಂದಗೆಡುತ್ತದೆಂದು, ಮುರಿಯಕೂಡದೆಂದು ಕಟ್ಟಪ್ಪಣೆ ಮಾಡಿದೆ. ಕೆಳಗಿನ ಅಡ್ಡ ಸರಿಸುವ ಪಟ್ಟಿಯನ್ನೂ ಅಸಹ್ಯವೆಂದು ಅಡಗಿಸಿದೆ. ನಾನೇ ಮೆಚ್ಚಿಕೊಂಡು ಇಗರ್ಜಿಯ ವಾಟ್ಸ್ಯಾಪ್ ಗುಂಪಿಗೂ ಪಕ್ಕದ ಮನೆಯ ಶೆಟ್ರಿಗೂ ಕಳಿಸಿಬಿಟ್ಟೆ.

ಮೊದಲು ಮನೆಗೆ ಕರೆದವರು ಶೆಟ್ರು. ಗೋಡೆಯಷ್ಟು ಅಗಲದ ತಮ್ಮ ಹೊಸ ಟಿವಿಯಲ್ಲಿ ಪುಟ ತೆರೆದಿದ್ದರು. ಅಲ್ಲಿ ಜಾಗ ಮಿಕ್ಕಿದ್ದರಿಂದ ಹಿನ್ನೆಲೆಯ ಫೋಟೊ ನೆಲದ ಟೈಲ್ಸಿನ ಹಾಗೆ ಮತ್ತೆ ಮತ್ತೆ ಕೂತಿತ್ತು. ಒಂದು ತಟ್ಟೆ ಹೋಗಿ ನಾಲ್ಕು!

“ಎಂತ ಮಾಸ್ಟ್ರೇ, ಇಷ್ಟೆಲ್ಲ ಸ್ಟಾಕ್ ಉಂಟಾ?”

ಇದು ವಿನ್ಯಾಸದ ಒಂದು ಶೈಲಿ ಎಂದು ಗಂಭೀರವಾಗಿ ತಿಳಿಸಿ, ಚಹಾಕ್ಕೂ ನಿಲ್ಲದೆ ಮನೆಗೆ ಓಡಿದೆ.

ಮನೆಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಬಜಪೆಯ ಹೆಂಗಸೊಬ್ಬರು ಎರಡು ಡಬ್ಬ ಬೇಕು, ಎಷ್ಟು ಹೊತ್ತಿಗೆ ಮನೆಗೆ ತಂದುಕೊಡುತ್ತೀರಿ ಎಂದು ಕೇಳುತ್ತಿದ್ದರು. ಬೆನ್ನಿಗೇ ಬಿಕರ್ನಕಟ್ಟೆಯಿಂದ ಇನ್ನೊಬ್ಬರು. ಸಂಜೆಯೊಳಗೆ ಹನ್ನೊಂದು ಮಂದಿ, ಎಲ್ಲರದೂ ಅದೇ ಪ್ರಶ್ನೆ. ಫ್ಲೇವಿ ತನ್ನ ಮೊಬೈಲಿನಲ್ಲಿ ಪುಟ ತೆರೆದು ನನ್ನ ಮೂಗಿನ ಮುಂದೆ ಹಿಡಿದಳು.

ನಾನು ಬರೆದದ್ದು: ‘ಮನೆಗೆ ತಲುಪಿಸುವ ವ್ಯವಸ್ಥೆ ಇಲ್ಲ’. ಮೊಬೈಲು ತೋರಿಸಿದ್ದು: ‘ಮನೆಗೆ ತಲುಪಿಸುವ ವ್ಯವಸ್ಥೆ’. ಕನ್ನಡದಲ್ಲಿ ನಾವು ಎಲ್ಲವನ್ನೂ ಹೇಳಿ ಮುಗಿಸಿ, ಕಟ್ಟಕಡೆಗೆ ‘ಇಲ್ಲ’ ಎನ್ನುವವರು. ಆರಿಂಚಿನ ಪರದೆಗೆ ಅಷ್ಟು ತಾಳ್ಮೆ ಇರಲಿಲ್ಲ! ಅದರ ಕೆಳಗೆ ತುಸು ಸಣ್ಣ ಅಕ್ಷರದಲ್ಲಿ ‘ಒಮ್ಮೆ ಕಾಯಿಸಿದ ಎಣ್ಣೆ ಮತ್ತೆ ಬಳಸುವುದಿಲ್ಲ’ ಎಂದು ಬರೆದಿದ್ದೆ. ಅದು ‘ಬಳಸುವು’ ಎಂಬಲ್ಲಿಗೆ ಬಂದು ನಿಂತಿತ್ತು. ಪುಣ್ಯಕ್ಕೆ ಅದರ ಬಗ್ಗೆ ಯಾರೂ ಕೇಳಿರಲಿಲ್ಲ.

ಈಗಲೇ ಸರಿಪಡಿಸುತ್ತೇನೆ, ಹನ್ನೊಂದು ಮಂದಿಗೂ ಫೋನ್ ಮಾಡಿ ಕ್ಷಮೆ ಕೇಳುತ್ತೇನೆ ಎಂದೆ. ಫ್ಲೇವಿ ಆರ್ಡರ್ ಬರೆದುಕೊಂಡ ಚೀಟಿಯನ್ನೇ ನೋಡುತ್ತಿದ್ದಳು. ಬೈಗುಳಕ್ಕೆ ತಯಾರಾಗಿ ನಿಂತರೆ, ಅವಳು ನಗುತ್ತಿದ್ದಳು. ಎಷ್ಟೋ ದಿನಗಳ ಮೇಲೆ ಆ ನಗು ಕಂಡು ನನಗೆ ನಿಜಕ್ಕೂ ಖುಷಿಯಾಯಿತು.

“ಎಣ್ಣೆಯದ್ದು ಸರಿ ಮಾಡಿ. ಮನೆಗೆ ಕೊಡುವಲ್ಲಿ ಮಾತ್ರ ‘ಇಲ್ಲ’ ತೆಗೆದು ‘ಉಂಟು’ ಅಂತ ಹಾಕಿ.”

“ವ್ಯವಸ್ಥೆ ಎಲ್ಲಿ ಉಂಟು ಮಾರಾಯ್ತಿ?”

ಅವಳು ಒಳಗೆ ಹೋದಳು. ಸ್ಕೂಟರಿನ ಕೀಲಿಕೈ ತಂದು ನನ್ನ ಕೈಯಲ್ಲಿಟ್ಟಳು.

ಮರುದಿನ ಬಜಪೆಯಲ್ಲಿ ಡಬ್ಬ ತೆಗೆದುಕೊಂಡ ಆ ಹೆಂಗಸು, ಪುಟದಲ್ಲಿ ಮಾತುಗಳೆಲ್ಲ ಅರ್ಧಂಬರ್ಧ ಇತ್ತಲ್ಲ, ಅದನ್ನು ಮಾಡಿದ್ದು ಯಾರು ಎಂದು ಕೇಳಿದರು.

ನಾನು ಬರೀ ಡೆಲಿವರಿಯವನು, ನನಗೆ ಗೊತ್ತಿಲ್ಲ ಎಂದೆ!