ಕೋಲು ತರಲು ಹೋದವನ ಕರಿನೀರಿನ ಪಾಠ

ನಾನು ಮೊದಲ ಸಲ ಊರು ಬಿಟ್ಟು ಎದ್ದುಹೋದದ್ದು ಒಂದು ಮಂಗಳವಾರ. ಆಗ ಐದನೇ ಕ್ಲಾಸು. ಬ್ರಿಟಿಷರ ಪಾಠ ನಡೀತಿತ್ತು. ಕೇಳಿದ ಪ್ರಶ್ನೆಗೆ ನನಗೆ ಉತ್ತರ ಗೊತ್ತಿರಲಿಲ್ಲ. ಆಗಿನ ಪದ್ಧತಿ ಏನಂದರೆ, ಏಟು ತಿನ್ನಬೇಕಾದವನೇ ಹೋಗಿ ಹುಣಸೆ ಮರದಿಂದ ಕೋಲು ಮುರಿದು ತರಬೇಕು. "ಓಗ್ಲಾ, ಒಳ್ಳೇದು ನೋಡಿ ತಾ" ಅಂದರು ಆಗಿನ ಮೇಷ್ಟ್ರು. ಹೋದೆ. ಹುಣಸೆ ಮರ ದಾಟಿದೆ, ಕೆರೆ ಕಟ್ಟೆ ದಾಟಿದೆ, ಬಂಗಾರಪೇಟೆ ಸ್ಟೇಷನ್ನಿಗೆ ಬಂದೆ, ನಿಂತಿದ್ದ ರೈಲು ಹತ್ತಿದೆ. ಒಳ್ಳೇ ಕೋಲು ಸಿಗಲಿಲ್ಲ ಅಂತಲೇ ಇಟ್ಟುಕೊಳ್ಳಿ.

ಆ ಮೇಷ್ಟ್ರು ಈಗಿಲ್ಲ. ಆದರೆ ಊರು ಕೋಲನ್ನು ಮರೆತಿಲ್ಲ. ವರ್ಷಕ್ಕೊಂದೋ ಎರಡೋ ಸಲ ಬಂದು ಬಸ್ಸಿಳಿದರೆ ಸಾಕು, ಅರಳಿಕಟ್ಟೆ ಮೇಲಿಂದ ಯಾರಾದರೂ "ಏನ್ಲಾ, ಕೋಲು ಸಿಕ್ತಾ?" ಅಂತ ಕೂಗುತ್ತಾರೆ. ಅಲ್ಲಿಂದ ಶುರುವಾದರೆ ಇದ್ದಷ್ಟು ದಿನವೂ ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ಈ ಸಲ ಅವರೆಕಾಯಿ ಕಾಲಕ್ಕೆ ಬಂದವನು ಸ್ವಲ್ಪ ಜಾಸ್ತಿ ದಿನ ಉಳಿದೆ. ಅದಕ್ಕೇ ಆದದ್ದೂ ಜಾಸ್ತಿ.

೧. ಗಟ್ಟಿ ಮೊಸರು

ಅದೇ ಶಾಲೆಗೆ ಈಗ ಮೇಷ್ಟ್ರು ಯಾರು ಗೊತ್ತೆ? ಅವತ್ತು ನನ್ನ ಪಕ್ಕ ಕೂತಿದ್ದವನು. ನನ್ನ ಸ್ಲೇಟು ನೋಡಿ ಲೆಕ್ಕ ಇಳಿಸಿಕೊಳ್ಳುತ್ತಿದ್ದವನು. ಈಗ ಇಸ್ತ್ರಿ ಶರ್ಟು, ಜೇಬಲ್ಲಿ ಎರಡು ಪೆನ್ನು. ನಾನು ಎಲ್ಲರ ಮುಂದೆ ಅವನನ್ನು 'ಮೇಷ್ಟ್ರೇ' ಅನ್ನಬೇಕು. ಅವನು ಎಲ್ಲರ ಮುಂದೆಯೇ ನನ್ನನ್ನು 'ಲೇ' ಅನ್ನುತ್ತಾನೆ.

ಅಷ್ಟಾಗಿದ್ದರೆ ನುಂಗಿಕೊಳ್ಳುತ್ತಿದ್ದೆ. ನನ್ನ ಮಗಳೂ ಐದನೇ ಕ್ಲಾಸು, ಅವನ ಕೈಕೆಳಗೆ. ನಾನು ಮನೆಗೆ ಬಂದು ನಿಂತೇ ಒಂದು ಚೊಂಬು ನೀರು ಎತ್ತಿದೆ.

"ಅಪ್ಪಾ, ಕೂತ್ಕೊಂಡು ಕುಡೀಬೇಕು. ನಮ್ ಸಾರ್ ಹೇಳವ್ರೆ."

ಕೂತೆ.

"ಅಷ್ಟು ದೊಡ್ಡ ಗುಟುಕು ಕುಡೀಬಾರ್ದು. ನಮ್ ಸಾರ್ ಹೇಳವ್ರೆ."

ಸಣ್ಣ ಗುಟುಕು ಕುಡಿದೆ. ಆಮೇಲೆ ಅವಳೇ ಹೇಳಿದಳು, ಸಾರ್ ಈಗ ಬ್ರಿಟಿಷರು ಬಂದು ನೆಲೆಯೂರಿದ್ದು, ಅಂಡಮಾನಿನ ಕರಿನೀರಿನ ಶಿಕ್ಷೆ, ಇದೆಲ್ಲ ಪಾಠ ಮಾಡ್ತಾವ್ರೆ ಅಂತ. ನನಗೆ ಪ್ರಾಣ ಬಂತು. ಯಾಕಂದರೆ ನಾನು ಎಂಟು ತಿಂಗಳು ಪೋರ್ಟ್ ಬ್ಲೇರಿನಲ್ಲಿ ಒಂದು ಲಾಡ್ಜಿಗೆ ಟೈಲ್ಸು ಹಾಕಿದವನು. ಆ ಜೈಲು ಕಣ್ಣಾರೆ ನೋಡಿದವನು. "ಕೇಳವ್ವ ಇಲ್ಲಿ," ಅಂದೆ. "ಅಲ್ಲಿ ಒಂದು ಸಾಲು ಕೋಣೆಗಳ ಬಾಗಿಲು ಇನ್ನೊಂದು ಸಾಲಿನ ಬೆನ್ನಿಗೆ ಮುಖ ಮಾಡೈತೆ. ಒಬ್ಬ ಕೈದಿ ಮುಖ ಇನ್ನೊಬ್ಬನಿಗೆ ಕಾಣಂಗಿಲ್ಲ."

"ಸಾರ್ ಅಂಗೆ ಹೇಳಿಲ್ಲ."

"ನಾನು ನೋಡಿದೀನಿ ಕಣವ್ವ!"

"ಸಾರ್ ಫೋನಲ್ಲೇ ತೋರಿಸವ್ರೆ" ಅಂದು ಎದ್ದು ಹೋದಳು.

ಅವತ್ತು ಹಟ ಹಿಡಿದೆ. ಈ ಸಲ ಹೊರಡೋದರೊಳಗೆ ಇವಳ ಬಾಯಲ್ಲಿ ಒಂದೇ ಒಂದು ಸಲ 'ನಮ್ಮಪ್ಪ ಹೇಳವ್ನೆ' ಅಂತ ಬರಬೇಕು. ಅದೂ ಅವನ ಮುಂದೆ.

ಊಟಕ್ಕೆ ಕೂತೆ. ಹೆಂಡತಿ ಮುದ್ದೆ, ಸಾರು ಆದಮೇಲೆ ನೀರು ಮಜ್ಜಿಗೆ ಬಿಟ್ಟಳು. ಮನೇಲಿ ಎರಡು ಸೀಮೆ ಹಸು ಇವೆ. "ಗಟ್ಟಿ ಮೊಸರಿಲ್ವ?" ಅಂದೆ.

"ಮೇಷ್ಟ್ರಿಗೆ ಕಳಿಸ್ದೆ."

"ನಾನು ಬಂದಿದೀನಲ್ಲ!"

"ನೀನು ಇವತ್ತು ಬಂದಿದೀಯ," ಅಂದಳು. "ಅವ್ರು ದಿನಾ ಬತ್ತಾರೆ."

೨. ಅಡ್ರೆಸ್ಸು

ಮಾರನೇ ವಾರ ಮೇಷ್ಟ್ರೇ ಮನೆ ಬಾಗಿಲಿಗೆ ಬಂದ. "ಲೇ, ನೀನು ಅಂಡಮಾನಿಗೆ ಹೋಗಿದ್ದೆಯಂತೆ. ಬಂದು ಮಕ್ಕಳಿಗೆ ನಾಲ್ಕು ಮಾತು ಹೇಳು" ಅಂದ. ಸಿಕ್ಕಿದ ಅಂದುಕೊಂಡೆ. ಶರ್ಟು ಇಸ್ತ್ರಿ ಮಾಡಿಸಿದೆ. ಜೇಬಿಗೆ ಮೂರು ಪೆನ್ನು ಸಿಕ್ಕಿಸಿದೆ.

ಕ್ಲಾಸಿನಲ್ಲಿ ನಿಂತು ಶುರುಮಾಡಿದೆ. ಚೆನ್ನೈನಿಂದ ನಮ್ಮನ್ನೆಲ್ಲ ಒಟ್ಟಿಗೆ ಹಡಗಿಗೆ ತುಂಬಿದರು. ಮೂರು ದಿನ ಮೂರು ರಾತ್ರಿ ಬರೀ ನೀರು, ಬರೀ ವಾಂತಿ. ಇಳಿದ ಮೇಲೆ ಒಂದೇ ಹಾಲಿನಲ್ಲಿ ನಲವತ್ತು ಜನ ಮಲಗಬೇಕು. ಬೆಳಿಗ್ಗೆ ಹೆಸರು ಕೂಗುತ್ತಾರೆ, ತಟ್ಟೆ ಹಿಡಿದು ಸಾಲಲ್ಲಿ ನಿಲ್ಲಬೇಕು. ದಿನವೆಲ್ಲ ಕಲ್ಲು ಹೊರಬೇಕು. ಮೇಸ್ತ್ರಿ ಬೈತಾನೆ. ಎಂಟು ತಿಂಗಳು ಮುಗಿಯೋ ತನಕ ಬಿಡಲ್ಲ.

ಮಕ್ಕಳು ಉಸಿರು ಬಿಡದೆ ಕೇಳಿದವು. ಮೂಲೆಯಲ್ಲಿ ನಿಂತಿದ್ದ ಮೇಷ್ಟ್ರ ಮುಖ ಸಣ್ಣಗಾಯಿತು. ನನಗೆ ಆನಂದ. ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು.

"ಮಾವ, ನೀನು ಏನು ತಪ್ಪು ಮಾಡಿದ್ದೆ?"

ಲಾಡ್ಜು, ಟೈಲ್ಸು, ಕೂಲಿ ಅಂತ ಏನೇನೋ ವಿವರಿಸುವುದರೊಳಗೆ ಬೆಲ್ ಹೊಡೆಯಿತು. ಸಂಜೆ ಹಾಲು ಹಾಕೋ ಹೊತ್ತಿಗೆ ಡೈರಿ ಮುಂದೆ ಕ್ಯಾನು ಹಿಡಿದು ನಿಂತ ಹೆಂಗಸರಿಗೆಲ್ಲ ಸುದ್ದಿ. ಒಬ್ಬಳು ನನ್ನ ಹೆಂಡತಿಯ ಕೈ ಹಿಡಿದು ಕಣ್ಣೀರು ಹಾಕಿಕೊಂಡಳಂತೆ: "ಯಕ್ಕಾ, ಎಂಟು ತಿಂಗ್ಳು ಜೈಲಲ್ಲಿದ್ರೂ ನಮಗೊಂದು ಮಾತು ಹೇಳ್ಲಿಲ್ವಲ್ಲ ನೀನು!"

ಮನೆಗೆ ಬಂದ ಹೆಂಡತಿಗೆ ನಾನು ಸಮಾಧಾನ ಹೇಳಹೋದೆ. "ಬೇಜಾರು ಮಾಡ್ಕೋಬೇಡ, ನಾಳೆ ಡೈರಿಗೆ ನಾನೇ ಬಂದು ಜೈಲಲ್ಲಿರ್ಲಿಲ್ಲ ಅಂತ ಹೇಳ್ತೀನಿ."

"ನಂಗ್ಯಾಕೆ ಬೇಜಾರು?" ಅಂದಳು. "ಜೈಲಲ್ಲಿದ್ದಿದ್ರೆ ನಂಗೆ ನಿಂದೊಂದು ಅಡ್ರೆಸ್ಸಾದ್ರೂ ಇರ್ತಿತ್ತು."

೩. ದೊರೆ ಬೆಂಕಿ

ಆಮೇಲೆ ಮಕ್ಕಳನ್ನು ಕೋಲಾರ ಚಿನ್ನದ ಗಣಿಯ ಉರಿಗಾಂ ಕಡೆ ಕರೆದುಕೊಂಡು ಹೋಗಿ ಬಿಳಿ ದೊರೆಗಳ ಬಂಗಲೆ, ಗಣಿ ಕೂಲಿಗಳ ಸಾಲುಮನೆ ಎರಡನ್ನೂ ತೋರಿಸಬೇಕು ಅಂತಾಯಿತು. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು. ಸಹಾಯಕ್ಕೆ ನಾನು. ಪ್ಲಾಟ್‌ಫಾರಂ ಮೇಲೆ ಮೇಷ್ಟ್ರು ನನ್ನ ಭುಜ ಹಿಡಿದು ಹೇಳಿದ, "ಲೇ, ಮಕ್ಕಳನ್ನ ನೀನು ಎಣಿಸ್ತಿರು. ನಿನ್ನ ನಾನು ಎಣಿಸ್ತಿರ್ತೀನಿ."

ಬಂಗಲೆ ಎಂದರೆ ಈಗ ಅರ್ಧ ಬಿದ್ದಿದೆ. ಉಳಿದರ್ಧದಲ್ಲಿ ಒಬ್ಬ ತಮಿಳು ಅಜ್ಜಿ, ಎಲ್ಲರ ಬಾಯಲ್ಲೂ ಪಾಟಿ, ಮಗನ ಸಂಸಾರದ ಜೊತೆ ಇದ್ದಾಳೆ. "ವಾಂಗೋ ಸಾಮಿ, ವಾಂಗೋ, ಒಳಗೆ ಬನ್ನಿ" ಅಂತ ಕರೆದಳು. ಗೋಡೆಯಲ್ಲಿ ದೊರೆಗಳು ಮೈ ಕಾಯಿಸಿಕೊಳ್ಳುತ್ತಿದ್ದ ದೊಡ್ಡ ಬೆಂಕಿ ಗೂಡು, ಮೇಲೆ ಹೊಗೆ ಕೊಳವೆ. ಪಾಟಿ ಆ ಗೂಡಿನೊಳಗೆ ಅಳತೆ ಮಾಡಿದಂತೆ ಫ್ರಿಡ್ಜು ಕೂಡಿಸಿದ್ದಳು. ಮೇಷ್ಟ್ರಿಗೆ ಇದು ಕಾಣಲಿಲ್ಲ. ಆಚೆ ತಿರುಗಿ, ಕೈ ಮಾತ್ರ ಹಿಂದಕ್ಕೆ ಚಾಚಿ, ಗಂಭೀರವಾಗಿ ಹೇಳುತ್ತಿದ್ದ. "ಮಕ್ಕಳೇ, ತಮ್ಮ ದೇಶದ ನೆನಪಿಗೆ ದೊರೆಗಳು ಇಲ್ಲೂ ಬೆಂಕಿ ಗೂಡು ಕಟ್ಟಿಸಿಕೊಂಡರು. ಚಳಿಗಾಲದಲ್ಲಿ ಇದರ ಮುಂದೆ ಕೂತರೆ ಮೈಯೆಲ್ಲ ಬೆಚ್ಚಗೆ."

ಒಬ್ಬ ಹುಡುಗ ಫ್ರಿಡ್ಜಿನ ಬಾಗಿಲು ಎಳೆದು ಮುಖ ಒಳಗಿಟ್ಟ. "ಸಾರ್, ಇಲ್ಲ ಸಾರ್! ತಣ್ಣಗೈತೆ!"

ನಾನು ನಕ್ಕಷ್ಟು ಮಕ್ಕಳೂ ನಗಲಿಲ್ಲ. ಅದೇ ಹುರುಪಿನಲ್ಲಿ ಹೊರಗೆ ಬಂದು, ಬೇಕಂತಲೇ ದೂರದ ಬೇವಿನ ಮರದ ಕೆಳಗೆ ನಿಂತು, ದೊರೆ ಮಲಗಿದರೆ ಒಬ್ಬ ಆಳು ಹಗ್ಗ ಎಳೆದು ಬಟ್ಟೆ ಪಂಕ ಬೀಸುತ್ತಿದ್ದ ಕತೆ ಶುರುಮಾಡಿದೆ. ಒಂದೊಂದೇ ಮಗು ಮೇಷ್ಟ್ರನ್ನು ಬಿಟ್ಟು ನನ್ನ ಕಡೆ ಬಂತು. ಐದು ನಿಮಿಷದಲ್ಲಿ ಇಡೀ ಕ್ಲಾಸು ನನ್ನ ಸುತ್ತ. ಅಲ್ಲಿ ಮೇಷ್ಟ್ರು ಪಾಟಿಯ ಜೊತೆ ಒಂಟಿ. ನನ್ನ ಮಗಳೂ ಬಂದು ಎದುರಿಗೇ ನಿಂತಳು. ಕತೆ ನಿಲ್ಲಿಸಿ ಅವಳ ಕಡೆ ಬಗ್ಗಿದೆ.

"ಏನವ್ವ, ಕತೆ ಚೆನ್ನಾಗೈತಾ?"

"ಚಿತ್ರಾನ್ನದ ಬ್ಯಾಗು ನಿನ್ ಹತ್ರ ತಾನೆ ಐತೆ," ಅಂದಳು. "ಬಿಚ್ಚು."

೪. ಬ್ರಿಟಿಷರ ಧರಣಿ

ಮೇಷ್ಟ್ರು ಒಂದು ಆಟ ಹೂಡಿದ. ಶಾಲೆ ಅಂಗಳದಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಈ ಕಡೆ ದೊರೆಗಳ ಬಂಗಲೆ, ಆ ಕಡೆ ಕೈದಿಗಳ ಜೈಲು. ಅರ್ಧ ಮಕ್ಕಳು ಬ್ರಿಟಿಷರು, ಅರ್ಧ ಕೈದಿಗಳು. ಆ ಕಾಲದ ಕೈದಿಗಳ ಕೊರಳಿಗೆ ಮರದ ಬಿಲ್ಲೆ ಕಟ್ಟಿ ಅದರ ಮೇಲೆ ನಂಬರು, ಅಪರಾಧ, ಬಿಡುಗಡೆಯ ದಿನ ಬರೆಯುತ್ತಿದ್ದರಂತೆ. ಇವಕ್ಕೆ ರಟ್ಟಿನ ಬಿಲ್ಲೆ. ಅಪರಾಧವನ್ನು ಮಕ್ಕಳೇ ಬರೆದುಕೊಂಡವು. 'ಪಕ್ಕದೋಳ ಪೆನ್ಸಿಲ್ ತಿಂದದ್ದು.' 'ಎಮ್ಮೆ ಮೇಯಿಸಲು ಹೋಗಿ ಎಮ್ಮೆ ಬಿಟ್ಟು ಬಂದದ್ದು.' ಒಳ್ಳೇ ನಡತೆ ಇದ್ದವರಿಗೆ ಚೀಟಿ ಬರೆದುಕೊಟ್ಟು ಜೈಲಿನಿಂದ ಹೊರಗೆ ದುಡಿಯೋಕೆ ಬಿಡುತ್ತಿದ್ದರು, ಆದರೆ ದ್ವೀಪ ಬಿಟ್ಟು ಹೋಗೋ ಹಾಗಿಲ್ಲ ಅಂತಲೂ ಹೇಳಿಕೊಟ್ಟ. ಚೆನ್ನಾಗೇ ಹೇಳಿಕೊಟ್ಟ. ಹೊಟ್ಟೆ ಉರಿಯಿತು.

ತಪ್ಪಾದದ್ದು ಮಧ್ಯಾಹ್ನದ ಊಟಕ್ಕೆ. ಅವತ್ತು ಮೊಟ್ಟೆ ಕೊಡೋ ದಿನ. ಅಡುಗೆ ಅಕ್ಕ ಬಿಲ್ಲೆ ಕಟ್ಟಿಕೊಂಡು ಸಾಲಾಗಿ ಕೂತ ಮಕ್ಕಳನ್ನು ನೋಡಿದಳು. "ಅಯ್ಯೋ ನನ್ ಕಂದಮ್ಮಗಳ, ಜೈಲಲ್ಲಿ ಕೂರಿಸವ್ನಲ್ಲಪ್ಪ ಇವುನು" ಅಂತ ಕೈದಿಗಳಿಗೆ ತಲಾ ಎರಡೆರಡು ಮೊಟ್ಟೆ ಹಾಕಿದಳು. ಬಂಗಲೆ ಕಡೆ ಬರುವಷ್ಟರಲ್ಲಿ ಪಾತ್ರೆ ಖಾಲಿ. "ನೀವು ದೊರೆಗಳಲ್ವ, ನಿಮಗೇನು ಕಮ್ಮಿ, ಮನೇಲಿ ತಿನ್ರಿ" ಅಂದಳು.

ದೊರೆಗಳು ತಟ್ಟೆ ಬಡಿಯತೊಡಗಿದರು. ಆಮೇಲೆ ಎದ್ದು ಹೋಗಿ ಮುಖ್ಯೋಪಾಧ್ಯಾಯರ ಕೋಣೆ ಮುಂದೆ ಕೂತು "ಬೇಕೇ ಬೇಕು, ನ್ಯಾಯ ಬೇಕು" ಅಂತ ಕೂಗಿದರು. ಬ್ರಿಟಿಷರು ಕೈದಿಗಳ ವಿರುದ್ಧ ಧರಣಿ ಕೂತದ್ದು ಇಡೀ ಪ್ರಪಂಚದಲ್ಲಿ ನಮ್ಮ ಶಾಲೆಯೊಂದರಲ್ಲೇ ಇರಬೇಕು. ಮಾರನೇ ದಿನ ಆಟಕ್ಕೆ ಒಬ್ಬ ಬ್ರಿಟಿಷನೂ ಇರಲಿಲ್ಲ. ಎಲ್ಲರೂ ಮನೆಯಿಂದಲೇ ಬಿಲ್ಲೆ ಕಟ್ಟಿಕೊಂಡು ಬಂದಿದ್ದರು.

೫. ಖಾಲಿ ಉರುಳೋ ಕಲ್ಲು

ಕೊನೆಗೆ ಶಾಲೆ ವಾರ್ಷಿಕೋತ್ಸವ. ಕರಿನೀರಿನ ನಾಟಕ. ಅಂಡಮಾನಿನಲ್ಲಿ ಕೈದಿಗಳನ್ನು ಎತ್ತಿನ ಹಾಗೆ ಎಣ್ಣೆ ಗಾಣಕ್ಕೆ ಕಟ್ಟುತ್ತಿದ್ದರು. ಅದನ್ನು ತೋರಿಸೋಕೆ ದೊಡ್ಡವರೊಬ್ಬರು ಬೇಕು. "ನಾನು ಮಾಡ್ತೀನಿ" ಅಂದೆ. ಇಡೀ ಊರು ನನ್ನನ್ನೇ ನೋಡಬೇಕು, ಅವನು ಪಕ್ಕದಲ್ಲಿ ಮೈಕು ಹಿಡಿದು ನಿಲ್ಲಬೇಕು. ಲೆಕ್ಕ ಸರಿಯಾಗೇ ಇತ್ತು.

ಗಾಣ ಎಲ್ಲಿಂದ ತರೋದು? ಶಾಲೆ ಎದುರು ಮನೆ ತಾತನ ಹತ್ತಿರ ರಾಗಿ ಒಕ್ಕೋ ಕಲ್ಲುಗುಂಡು ಇತ್ತು. ಈಗೆಲ್ಲ ರಾಗಿಯನ್ನು ಟಾರು ರೋಡಿಗೆ ಹಾಸಿ ಬಸ್ಸು ಲಾರಿ ಕೈಲಿ ಒಕ್ಕಿಸುತ್ತಾರಲ್ಲ, ಕಲ್ಲು ಸುಮ್ಮನೆ ಬಿದ್ದಿತ್ತು. ಮೈದಾನದ ನಡುವೆ ಅದನ್ನು ಇಟ್ಟು ನನ್ನ ಹೆಗಲಿಗೆ ಹಗ್ಗ ಕಟ್ಟಿದರು. ಮಗಳು ಬಂದು ನನ್ನ ಕೊರಳಿಗೆ ಬಿಲ್ಲೆ ಹಾಕಿದಳು. ಅವಳೇ ಬರೆದದ್ದು. ಮೇಷ್ಟ್ರು ಮೈಕಿನಲ್ಲಿ ಓದಿದ: "ಕೈದಿ ನಂಬರ್ ಒಂದು. ಅಪರಾಧ, ಕೋಲು ತರಲು ಹೋಗಿ ವಾಪಸ್ ಬರಲಿಲ್ಲ."

ಊರು ಬಿದ್ದು ಬಿದ್ದು ನಕ್ಕಿತು. ಅವನು ಬಿಲ್ಲೆ ತಿರುಗಿಸಿ ನೋಡಿದ. "ಬಿಡುಗಡೆ ದಿನ ಬರೆದೇ ಇಲ್ವಲ್ಲಮ್ಮ?"

"ಬರೆದ್ರೆ ಅವತ್ತೇ ಒಂಟೋಗ್ತಾನೆ ಸಾರ್," ಅಂದಳು.

ಈ ಸಲ ನಗು ಸ್ವಲ್ಪ ಕಮ್ಮಿಯಿತ್ತು. ನಾನು ತಲೆ ಬಗ್ಗಿಸಿ ಕಲ್ಲು ಎಳೆಯೋಕೆ ಶುರುಮಾಡಿದೆ.

ಮೂರು ಸುತ್ತು ಹೋಗಿರಬೇಕು. ಮುಂದೆ ಕೂತಿದ್ದ ತಾತನಿಗೆ ತಡೆಯಲಾಗಲಿಲ್ಲ. ಕಲ್ಲು ಖಾಲಿ ಉರುಳುವುದನ್ನು ಆ ಜೀವ ಎಂದೂ ಕಂಡದ್ದಿಲ್ಲ. "ಎಂಗೂ ಎಳೀತಾವ್ನೆ, ಕಲ್ಲು ಯಾಕ್ಲಾ ಸುಮ್ಕೆ ಓಗ್ಬೇಕು?" ಅಂತ ಎದ್ದು, ಮನೆಯಿಂದ ಒಂದು ಹೊರೆ ರಾಗಿ ತೆನೆ ತಂದು ನನ್ನ ದಾರಿಗೆ ಹಾಸಿದ. ಅವನನ್ನು ನೋಡಿ ಪಕ್ಕದ ಮನೆಯವರು ಇನ್ನೊಂದು ಹೊರೆ. ಡೈರಿ ಹೆಂಗಸರು ಸೆರಗು ಸಿಕ್ಕಿಸಿ ಹುಲ್ಲು ತಿರುವಿ ಹಾಕತೊಡಗಿದರು. ದೊರೆ ಟೋಪಿ ಹಾಕಿ ಕೋಲು ಹಿಡಿದು ಗದರಿಸಬೇಕಾಗಿದ್ದ ಮಗುವಿನ ಕೈಯಿಂದ ತಾತನೇ ಕೋಲು ಕಿತ್ತುಕೊಂಡ. "ಅಂಚಿಗೆ ಓಗ್ಲಾ! ಮದ್ಯಕ್ಕೆ ಬಾ! ಇವ್ನು ಊರಲ್ಲಿ ಕೆಲ್ಸ ಮಾಡಿದ್ದು ನಾನಂತೂ ಕಂಡಿಲ್ಲ. ಬಿಡ್ಬೇಡ್ರಿ, ಸಿಕ್ಕವ್ನೆ!"

ನಾನು ಏದುಸಿರು ಬಿಡುತ್ತಾ ಹನ್ನೊಂದನೇ ಸುತ್ತಿನಲ್ಲಿದ್ದೆ. ಆ ಗದ್ದಲದಲ್ಲೂ ಮೇಷ್ಟ್ರು ಪಾಠ ಬಿಟ್ಟಿರಲಿಲ್ಲ. "ಕೈದಿಗಳು ಎದುರು ಬದುರು ಕೋಣೆಗಳಲ್ಲಿ ಕೂತು ಒಬ್ಬರ ಮುಖ ಒಬ್ಬರು ನೋಡಿ ದುಃಖ ಹಂಚಿಕೊಳ್ಳುತ್ತಿದ್ದರು" ಅಂತ ಮೈಕಿನಲ್ಲಿ ಹೇಳುತ್ತಿದ್ದ.

"ಇಲ್ಲ ಸಾರ್." ಅದು ನನ್ನ ಮಗಳ ದನಿ. "ಅಲ್ಲಿ ಬಾಗಿಲೆಲ್ಲ ಇನ್ನೊಂದು ಸಾಲಿನ ಬೆನ್ನಿಗೆ ಮುಖ ಮಾಡಿರ್ತಾವೆ. ಯಾರ ಮುಖಾನೂ ಯಾರಿಗೂ ಕಾಣಲ್ಲ. ನಮ್ಮಪ್ಪ ಹೇಳವ್ನೆ."

ನಾನು ನಿಂತುಬಿಟ್ಟೆ. ಅವನ ಮುಖ ಈಗ ಹೇಗಾಗಿದೆ ಅಂತ ನೋಡಬೇಕು, ಅದಕ್ಕೇ ತಾನೆ ಇಷ್ಟು ದಿನ ಕಾದದ್ದು. ತಿರುಗಿದೆ.

"ನಿಂತ್ಕೋಬೇಡ್ಲಾ!" ಅಂತ ತಾತ ಬೆನ್ನಿಗೊಂದು ಬಿಟ್ಟ. "ಇನ್ನೂ ಎರಡು ಹೊರೆ ಐತೆ!"

ಆ ಏಟು ನಿಜಕ್ಕೂ ಹುಣಸೆ ಕೋಲಿನದು. ಅವತ್ತಿನ ಬಾಕಿ ಕೊನೆಗೂ ಬಂದು ಮುಟ್ಟಿತು.

ಈಗ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದೇನೆ. ಮಂಗಳೂರಲ್ಲಿ ಟೈಲ್ಸು ಕೆಲಸ, ಬಂಗಾರಪೇಟೆಯಿಂದ ರೈಲು. ಶರ್ಟಿನ ಮಡಿಕೆಯಲ್ಲಿ ಆ ರಟ್ಟಿನ ಬಿಲ್ಲೆ ಸಿಕ್ಕಿತು. ಅದರ ಹಿಂಬದಿಗೆ ಮಗಳು ಹೊಸದಾಗಿ ಬರೆದಿದ್ದಾಳೆ: 'ಈ ಕೈದಿಯದು ಒಳ್ಳೆಯ ನಡತೆ. ಹೊರಗೆ ದುಡಿಯಲು ಬಿಟ್ಟಿದೆ. ಯುಗಾದಿ ಒಳಗೆ ಬರತಕ್ಕದ್ದು. ಬರುವಾಗ ಕೋಲು ತರತಕ್ಕದ್ದು.' ಕೆಳಗೆ ಅವಳದೇ ಸಹಿ.

"ನಿಮ್ ಸಾರ್ ಸಹಿ ಹಾಕಿಸ್ಲಿಲ್ವ?" ಅಂದೆ, ಸ್ವಲ್ಪ ಬಿಂಕದಿಂದಲೇ.

"ಸಾರ್ ಯಾಕೆ? ನೀನು ನನ್ ಕೈದಿ."

ಬಿಲ್ಲೆಯನ್ನು ಬಟ್ಟೆಗಳ ನಡುವೆ ಜೋಪಾನವಾಗಿ ಇಟ್ಟೆ. ಹೆಂಡತಿ ಒಂದು ಡಬ್ಬಿ ತಂದು ಬ್ಯಾಗಿನ ಮೇಲೆ ಇಟ್ಟಳು. ಮುಚ್ಚಳ ತೆಗೆದು ನೋಡಿದೆ. ಗಟ್ಟಿ ಮೊಸರನ್ನ.

"ಮತ್ತೆ ಮೇಷ್ಟ್ರಿಗೆ?"

"ಇವತ್ತು ಅವ್ರಿಗೆ ಮಜ್ಜಿಗೆ," ಅಂದಳು. ಆಮೇಲೆ ಬಿಲ್ಲೆ ಕಡೆ ಕಣ್ಣು ಹಾಯಿಸಿ, "ಯುಗಾದಿಗೆ ನೀನು ಬಂದ್ರೆ ಸಾಕು. ಕೋಲು ನಾನೇ ಮುರಿದು ಬಾಗಿಲ ಹಿಂದೆ ಇಟ್ಟಿದೀನಿ."