ಹಾರ ಬಿದ್ದ ಮೇಲೆ ನೆಲ ಮುಟ್ಟದ ಎಡಗಾಲಿಗೆ

ಶ್ರೀಯುತ ಎಡ ಮುಂಗಾಲು ಅವರಿಗೆ,
ವಿದ್ಯುತ್ ಜಾಕ್ ವಿಭಾಗ, ಕೊಟ್ರೇಶಣ್ಣನ ಗಾಲಿಮನೆ,
ಸದ್ಯದ ಬಿಡಾರ: ಕೊಂಡಜ್ಜಿ ಕೆರೆಯ ದಂಡೆ, ಹರಿಹರ ತಾಲ್ಲೂಕು.

ಮಾನ್ಯರೇ,

ತಮ್ಮ ಉಕ್ಕಿನ ಪಾದಕ್ಕೆ, ಅದು ಈ ಕ್ಷಣ ನೆಲದ ಮೇಲಿರಲಿ ಗಾಳಿಯಲ್ಲಿರಲಿ, ನನ್ನ ನಮಸ್ಕಾರಗಳು ಸಲ್ಲಲಿ. ತಮ್ಮ ವೈರು, ತಮ್ಮ ಗ್ರೀಸು, ತಮ್ಮ ನಟ್ಟುಬೋಲ್ಟುಗಳೆಲ್ಲ ಕ್ಷೇಮವೆಂದು ನಂಬಿದ್ದೇನೆ. ಅವನ್ನೆಲ್ಲ ಈ ವಾರ ಬಿಚ್ಚಿ, ಒರೆಸಿ, ಮತ್ತೆ ಕಟ್ಟಿದವನು ನಾನೇ ಆದ್ದರಿಂದ ನಂಬದೆ ಬೇರೆ ದಾರಿಯಿಲ್ಲ. ನನ್ನ ಹೆಸರು ಎರ್ರಿಸ್ವಾಮಿ. ತಮ್ಮ ಕೆಳಗೆ ಅಂಗಾತ ಮಲಗಿ ತಮ್ಮನ್ನೇ ದಿಟ್ಟಿಸುತ್ತಿದ್ದ ಮನುಷ್ಯ ಎಂದರೆ ತಮಗೆ ಬೇಗ ಗುರುತು ಸಿಗಬಹುದು. ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣವಿಷ್ಟೇ: ಖಾಸಗಿಯಾಗಿ ತಮ್ಮ ಬಳಿ ನಾನು ಆಡಿದ ಮಾತುಗಳು ಅಚ್ಚು ಹಾಕಲು ಯೋಗ್ಯವಾಗಿರಲಿಲ್ಲ.

ತಮ್ಮ ಹುದ್ದೆಯ ಘನತೆ ಅರಿಯದ ಓದುಗರಿಗಾಗಿ ಸ್ವಲ್ಪ ವಿವರಣೆ ಕೊಡಲು ಅಪ್ಪಣೆಯಾಗಬೇಕು. ಗುತ್ತೂರಿನ ಶೆಡ್ಡಿನಲ್ಲಿ ಟ್ರ್ಯಾಕ್ಟರುಗಳಿಗೆ ಟ್ರೇಲರ್ ಕಟ್ಟಿಕೊಡುವ ನಮ್ಮ ಕೊಟ್ರೇಶಣ್ಣ, ಯಾವುದೋ ದೇಶದವರು ಮನೆಯನ್ನೇ ಗಾಡಿಗೆ ಸಿಕ್ಕಿಸಿಕೊಂಡು ಕೆರೆ, ಬೆಟ್ಟ ಸುತ್ತುವುದನ್ನು ಮೊಬೈಲಿನಲ್ಲಿ ನೋಡಿ, ನಾವೇನು ಕಮ್ಮಿ ಎಂದು ಹಾಸಿಗೆ, ಒಲೆ, ಬಚ್ಚಲು ಸಮೇತ ಒಂದು ಗಾಲಿಮನೆಯನ್ನು ಕಟ್ಟಿಯೇಬಿಟ್ಟರು. ಅದರ ಮುಂದಿನ ಕತ್ತು ಗೌಸ್ ಪೀರ್ ಮಾವನ ಮಿನಿ ಲಾರಿಯ ಬೆನ್ನ ಮೇಲಿರುವ ಕಬ್ಬಿಣದ ತಟ್ಟೆಗೆ ಕಚ್ಚಿಕೊಂಡು ಕೂರುತ್ತದೆ. ಬಿಡಾರದ ಜಾಗ ಸೇರಿದ ಮೇಲೆ ಗುಂಡಿ ಒತ್ತಿದರೆ, ಆ ಕತ್ತಿನ ಕೆಳಗೆ ಎರಡು ಬದಿಗಿರುವ ಉಕ್ಕಿನ ಊರುಗಾಲುಗಳು, ಅಂದರೆ ತಾವೂ ತಮ್ಮ ಸಹೋದ್ಯೋಗಿಗಳಾದ ಬಲಗಾಲು ಅವರೂ, ಜೊತೆಯಾಗಿ ಇಳಿದು, ಮನೆಯ ಮುಂಭಾರವನ್ನು ಹೊತ್ತು, ಲಾರಿಯನ್ನು ಬಿಡುಗಡೆ ಮಾಡಬೇಕು. ಇಳಿಯುವುದು, ನಿಲ್ಲುವುದು, ಹೊರಡುವಾಗ ಏರುವುದು, ಇಷ್ಟೇ ತಮ್ಮ ಕೆಲಸ. ಇದಕ್ಕಿಂತ ಕಡಿಮೆ ಕೆಲಸದ ಹುದ್ದೆಗಳು ಇಲ್ಲವೆಂದಲ್ಲ, ಆದರೆ ಅವಕ್ಕೆ ಚುನಾವಣೆ ಗೆಲ್ಲಬೇಕಾಗುತ್ತದೆ.

ಆಯುಧಪೂಜೆಯವರೆಗೆ ತಮ್ಮ ಸೇವೆಯ ಬಗ್ಗೆ ಒಂದು ದೂರೂ ಇರಲಿಲ್ಲವೆಂಬುದನ್ನು ಸತ್ಯವಾಗಿ ಹೇಳುತ್ತೇನೆ. ಆ ದಿನ ಕೊಟ್ರೇಶಣ್ಣನ ತಾಯಿ ಮರುಳಸಿದ್ದಮ್ಮನವರು ಬೂದುಗುಂಬಳ ಒಡೆಸಿ, ಗಾಲಿಗಳಿಗೆ ವಿಭೂತಿ ಎಳೆದು, ತಾವು ರಸ್ತೆಯ ಕಡೆಗೆ ನಿಂತಿದ್ದ ಒಂದೇ ಅರ್ಹತೆಯ ಮೇಲೆ ತಮಗೆ ತೋಳುಗಾತ್ರದ ಚೆಂಡುಹೂವಿನ ಹಾರ ಹಾಕಿಸಿದರು. ಗೋಡೆಯ ಕಡೆಗಿದ್ದ ಬಲಗಾಲಿಗೆ ಸಿಕ್ಕಿದ್ದು ಒಂದು ಚಿಟಿಕೆ ಕುಂಕುಮ. ಪೂಜೆಯ ಹಾರವನ್ನು ಯಾರೂ ಕೈಯಾರೆ ಕೀಳಬಾರದು, ಒಣಗಿ ತಾನಾಗಿಯೇ ಉದುರಬೇಕು ಎಂಬುದು ಅವರ ಮನೆಯ ಪದ್ಧತಿ. ಮಾರನೆಯ ದಿನ ಗಾಡಿ ತೊಳೆಯುವಾಗ ನಾನು ಅದಕ್ಕೆ ಕೈ ಹಾಕಿದ್ದೇ ತಡ, "ಲೇ ಎರ್ರಿ, ಮುಟ್ಟಬ್ಯಾಡ! ತಾನಾಗೇ ಉದುರ್ತೈತೆ. ನಿನಗ್ಯಾಕ ಎಲ್ಲದಕ್ಕೂ ಅವಸರ?" ಎಂದು ಮರುಳಸಿದ್ದಮ್ಮನವರು ಗದರಿದರು. ಅವಸರ ನನ್ನ ಹುಟ್ಟುಗುಣ, ಅಲ್ಲಗಳೆಯುವುದಿಲ್ಲ. ಒಂಬತ್ತನೇ ಕ್ಲಾಸಿನ ಬೆಂಚು, ಮಂಡಕ್ಕಿ ಭಟ್ಟಿ, ದೋಸೆ ಹೋಟೆಲಿನ ಹೆಂಚು, ಯಾವುದರ ಮುಂದೆಯೂ ನನಗೆ ಬಹಳ ಕಾಲ ಕೂರಲಾಗಲಿಲ್ಲ. ಕೂತಲ್ಲೇ ಕೂರದ ಮನೆಯೊಂದು ಗುತ್ತೂರಿನಲ್ಲಿ ತಯಾರಾಗುತ್ತಿದೆ, ಅದರ ಜೊತೆ ಊರೂರು ತಿರುಗಲು ಒಬ್ಬ ಬೇಕು ಎಂದು ಕೇಳಿದಾಗ, ನನಗಾಗಿಯೇ ಯಾರೋ ಕೆಲಸ ಕಂಡುಹಿಡಿದಂತಾಯಿತು.

ಅಂಥ ಮನೆಯ ಮೊದಲ ಬಿಡಾರಕ್ಕೆಂದು ಗುರುವಾರ ನಾವು ಕೊಂಡಜ್ಜಿಗೆ ಬಂದೆವು. ದಾವಣಗೆರೆಯ ಸರಸ್ವತಿ ನಗರದ ಪರಮೇಶ್ವರಪ್ಪನವರು ಶನಿವಾರ ಸಂಜೆ ಹೆಂಡತಿಯ ಜೊತೆ ಬರುವವರಿದ್ದರು. ನಾನು ಗುಂಡಿ ಒತ್ತಿದೆ. ಬಲಗಾಲು ವಿನಯದಿಂದ ಇಳಿಯಿತು. ತಾವು ಇಳಿಯಲಿಲ್ಲ. ಮತ್ತೊಮ್ಮೆ ಒತ್ತಿದೆ. ಬಲಗಾಲು ಇನ್ನಷ್ಟು ಇಳಿದು, ಮನೆಯ ಆ ಪಕ್ಕವನ್ನು ಎತ್ತಿ ಹಿಡಿಯಿತು. ತಾವು ಒಣಗಿದ ಹಾರದೊಳಗೆ ಗಂಭೀರವಾಗಿ ನೇತಾಡುತ್ತಲೇ ಇದ್ದಿರಿ. ಹಾರ ಬಿದ್ದ ಮೇಲೆ ಸೊಂಟ ಬಗ್ಗದ ದೊಡ್ಡವರನ್ನು ವೇದಿಕೆಗಳ ಮೇಲೆ ಬೇಕಾದಷ್ಟು ನೋಡಿದ್ದೇನೆ. ಕಬ್ಬಿಣದಲ್ಲಿ ನೋಡಿದ್ದು ಇದೇ ಮೊದಲು.

ಮುಂದೆ ನಡೆದ ಉಪಚಾರಗಳು ತಮಗೆ ನೆನಪಿರಬಹುದು. ಬ್ಯಾಟರಿ ಸತ್ತಿದೆ ಎಂದು ಗೌಸ್ ಪೀರ್ ಮಾವ ತೀರ್ಪು ಕೊಟ್ಟರು. ನಾನು ಅದನ್ನು ಬಿಚ್ಚಿ ಬಸ್ಸಿನಲ್ಲಿ ಹರಿಹರಕ್ಕೆ ಒಯ್ದು ಚಾರ್ಜ್ ಮಾಡಿಸಿದೆ. ತಮ್ಮಿಬ್ಬರಿಗೂ ಇರುವುದು ಒಂದೇ ಬ್ಯಾಟರಿ, ಒಂದೇ ಮೋಟಾರು, ಅದು ಸತ್ತಿದ್ದರೆ ಬಲಗಾಲು ಇಳಿದದ್ದಾದರೂ ಹೇಗೆ ಎಂಬ ಪ್ರಶ್ನೆ ನನಗೆ ಹೊಳೆದದ್ದು ವಾಪಸ್ ಬರುವ ಬಸ್ಸಿನಲ್ಲಿ, ಬ್ಯಾಟರಿ ತೊಡೆಯ ಮೇಲಿದ್ದಾಗ. ಫ್ಯೂಸ್ ನೋಡು ಎಂದು ಕೊಟ್ರೇಶಣ್ಣ ಫೋನಿನಲ್ಲಿ ಅಂದರು, ಹೊಸದು ಹಾಕಿದೆ. ಅರ್ತ್ ವೈರಿನ ಬುಡವನ್ನು ಉಪ್ಪುಕಾಗದದಿಂದ ಫಳಫಳ ಹೊಳೆಯುವಂತೆ ತಿಕ್ಕಿದೆ. ಕೊನೆಗೆ ಮೋಟಾರನ್ನೇ ಬಿಟ್ಟು ಹ್ಯಾಂಡಲ್ ಸಿಕ್ಕಿಸಿ ಕೈಯಿಂದ ತಿರುಗಿಸಿದೆ. ಪ್ರತಿಯೊಂದು ಉಪಚಾರಕ್ಕೂ ಬಲಗಾಲು ಒಂದಿಷ್ಟು ಕೃತಜ್ಞತೆ ತೋರಿಸಿ ಕೆಳಗಿಳಿಯುತ್ತಿತ್ತು, ಮನೆ ಒಂದಿಷ್ಟು ವಾಲುತ್ತಿತ್ತು. ಇದೆಲ್ಲದರ ನಡುವೆ ತಮ್ಮ ಹಾರಕ್ಕೆ ಮಾತ್ರ ನನ್ನ ಬೆರಳೂ ಸೋಕದಂತೆ ನೋಡಿಕೊಂಡೆ. ಕೈಗೆ ಅಡ್ಡ ಬಂದಾಗಲೆಲ್ಲ ಅದರ ಸುತ್ತ ಬಳಸಿಕೊಂಡೇ ಕೆಲಸ ಮಾಡಿದೆ.

ತಾವು ಇಳಿಯದೆ ಲಾರಿಗೆ ಬಿಡುಗಡೆಯಿಲ್ಲ. ಗೌಸ್ ಪೀರ್ ಮಾವ ಕೆರೆ ಏರಿಯ ಮೇಲೆ ಶತಪಥ ತಿರುಗುತ್ತ, "ಅರೆ ತಮ್ಮಾ, ಭಾನುವಾರ ಹರಿಹರದಾಗೆ ಶಾದಿ ಐತೆ, ಶಾಮಿಯಾನ ಹೊತ್ಕಂಡು ಹೋಗ್ಬೇಕು. ನಿಮ್ ಮನೀನ ಬೆನ್ಮ್ಯಾಲೆ ಹೊತ್ಕಂಡು ಹೋದ್ರೆ ಮದುಮಗ ಏನಂತಾನೆ ಹೇಳು, ಹೆಣ್ಣಿನ ಕಡೇರು ಮನೀನೂ ತಂದ್ರು ಅಂತಾನೆ!" ಎಂದು ನಗಿಸಿದರು. ನಗುವಾಗಲೂ ಅವರ ಕಣ್ಣು ಲಾರಿಯ ಮೇಲೇ ಇತ್ತು.

ಶುಕ್ರವಾರ ಕೊಟ್ರೇಶಣ್ಣ ತಾಯಿಯನ್ನು ಕರೆದುಕೊಂಡು ಬಂದರು. ಮರುಳಸಿದ್ದಮ್ಮನವರು ಇದು ದೃಷ್ಟಿಯೇ ಸರಿ ಎಂದು ಒಳಗೆ ನಟ್ಟನಡುವೆ ಒಂದು ನಿಂಬೆಹಣ್ಣಿಟ್ಟರು. ಅದು ಎಲ್ಲರೂ ನೋಡುತ್ತಿದ್ದಂತೆ ಉರುಳುತ್ತ ಹೋಗಿ ತಮ್ಮ ಮೂಲೆಯಲ್ಲಿ ಕೂತಿತು. ಕೊಟ್ರೇಶಣ್ಣ ಆ ನಿಂಬೆಹಣ್ಣನ್ನೇ ಬಹಳ ಹೊತ್ತು ನೋಡಿ, "ಇದು ಊರೂರು ತಿರುಗೋ ಬಾಳೇವಲ್ಲ ಬಿಡಲೇ. ನಾಳಿಗೆ ಕಾಲು ಇಳೀಲಿಲ್ಲಂದ್ರೆ ಗಾಲಿ ಬಿಚ್ಚಿಸಿ ದಾವಣಗೆರೆಯಾಗೆ ರೋಡಿನ ಪಕ್ಕ ಇಟ್ಟು ಮಿರ್ಚಿ ಮಂಡಕ್ಕಿ ಅಂಗಡಿ ಮಾಡ್ತೀನಿ. ನೀನು ಒಳಗೆ ಮಿರ್ಚಿ ಕರೀತಾ ಕುಂದ್ರು," ಎಂದರು. ಮಾನ್ಯರೇ, ಮಿರ್ಚಿಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಗಾಲಿ ಬಿಚ್ಚಿದ ಆ ಮನೆಯೊಳಗೆ ಒಂದೇ ಬಾಣಲೆಯ ಮುಂದೆ, ಒಂದೇ ಕಿಟಕಿಯಿಂದ, ಬೇರೆಯವರ ಗಾಡಿಗಳು ಹೋಗುವುದನ್ನು ನೋಡುತ್ತ ಮುದುಕನಾಗುವ ನನ್ನ ಚಿತ್ರ ಕಣ್ಣೆದುರು ಬಂದು, ಅವತ್ತು ಊಟವೇ ಸೇರಲಿಲ್ಲ.

ಅದೇ ಹೊತ್ತಿಗೆ ಸರಿಯಾಗಿ ಪರಮೇಶ್ವರಪ್ಪನವರ ಫೋನು ಬಂತು. ಎಡಗಡೆ ಕಲ್ಲು ಪೇರಿಸಿ ನಿಲ್ಲಿಸೋಣ, ಏನೂ ಹೇಳಬೇಡ ಎಂದು ಕೊಟ್ರೇಶಣ್ಣ ಕೈಸನ್ನೆ ಮಾಡುತ್ತಿದ್ದರು. "ಎಲ್ಲಾ ಸರಿ ಐತೇನಪ್ಪ? ನಮ್ ಮನೆಯವರಿಗೆ ಮೊಣಕಾಲು ಆಪರೇಷನ್ ಆಗೈತೆ, ಓರೆ ನೆಲದ ಮ್ಯಾಲೆ ನಡೆಯಾಕಾಗಲ್ಲ," ಎಂದು ಅವರು ಕೇಳಿದರು. ಸುಳ್ಳು ಹೇಳಲು ನಾನು ಬಾಯಿ ತೆರೆದದ್ದು ನಿಜ, ಆದರೆ ಅದು ನನ್ನಿಂದ ಯಾವತ್ತೂ ಸರಿಯಾಗಿ ಹೊರಡುವುದಿಲ್ಲ. "ಸಾರ್, ನಿಮ್ಮ ಮನೆಯವರಿಗೆ ಆಗಿರೋದೇ ನಮ್ ಮನೆಗೂ ಆಗೈತೆ, ಎಡಗಾಲು ಬರ್ತಿಲ್ಲ," ಅಂದುಬಿಟ್ಟೆ. ಅದಕ್ಕೆ ಅವರು, "ನೀ ಹೇಳಿದ್ದು ಚಲೋ ಆತು. ನಾಳೆ ಬರ್ತೀವಿ. ಮನೆ ನೆಟ್ಟಗೆ ನಿಂತಿದ್ರೆ ಉಳ್ಕಂತೀವಿ, ಇಲ್ಲಾಂದ್ರೆ ಕೆರೆ ನೋಡ್ಕಂಡು ವಾಪಸ್," ಎಂದರು. ಕೊಟ್ರೇಶಣ್ಣ ಫೋನು ಕಿತ್ತುಕೊಂಡು, "ಜಾಕ್ ಹಾಕಿಸ್ಬೇಕಾಗಿದ್ದು ಗಾಡಿಗಲ್ಲ ಕಣಲೇ, ನಿನ್ ಬಾಯಿಗೆ!" ಎಂದು ಹಲ್ಲು ಕಡಿದರು.

ಹೀಗೆ ತಮ್ಮ ಒಂದು ಪಾದದ ಮೇಲೆ ಒಂದು ಮದುವೆ, ಒಂದು ಮೊಣಕಾಲು ಮತ್ತು ನನ್ನ ಇಡೀ ಮುಂದಿನ ಆಯಸ್ಸು ನಿಂತಿದ್ದಾಗ, ಶನಿವಾರ ಮಧ್ಯಾಹ್ನ ಕೆರೆ ದಂಡೆಯಲ್ಲಿ ಆಡು ಮೇಯಿಸುವ ಕೆಂಚವ್ವನ ಒಂದು ಆಡು ತಮ್ಮ ಭೇಟಿಗೆ ಬಂತು. ಅದಕ್ಕೆ ಮರುಳಸಿದ್ದಮ್ಮನವರ ಮನೆಯ ಪದ್ಧತಿ ಗೊತ್ತಿರಲಿಲ್ಲ. ನಾವು ಯಾರೂ ಮುಟ್ಟದ ಹಾರಕ್ಕೆ ಅದು ನೇರವಾಗಿ ಬಾಯಿ ಹಾಕಿತು. "ಏ ಹಾಳಾದೋಳೇ, ದೇವರ ಹೂವು ತಿಂತೀಯೇನೇ!" ಎಂದು ಕೆಂಚವ್ವ ಕೋಲು ಹಿಡಿದು ಓಡಿ ಬರುವಷ್ಟರಲ್ಲಿ ಹೂವೆಲ್ಲ ಹೊಟ್ಟೆ ಸೇರಿ, ಪೋಣಿಸಿದ್ದ ನೈಲಾನ್ ದಾರ ಮಾತ್ರ ಬಾಯಲ್ಲಿ ಉಳಿದಿತ್ತು. ಆಡು ಎಳೆಯಿತು. ದಾರ ಬಿಡಲಿಲ್ಲ. ಪಾಪದ ಪ್ರಾಣಿ ನುಂಗೀತೆಂದು ನಾನು ಬಗ್ಗಿ ದಾರ ಬಿಡಿಸಲು ಹೋದೆ. ನೋಡಿದರೆ, ಬಲಗಾಲಿನ ಕಡೆಯ ಮೋಟಾರಿನಿಂದ ತಮ್ಮವರೆಗೆ ಬರುವ ಅಡ್ಡ ಸರಳಿಗೆ ಆ ದಾರ ರಾಟೆಗೆ ನೂಲು ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ಗುತ್ತೂರಿನಿಂದ ಹೊರಡುವಾಗ ತಾವು ಮೇಲೇರಿದಿರಲ್ಲ, ಆಗಲೇ ಆ ಸರಳಿನ ಜೊತೆ ಹಾರವೂ ತಿರುಗಿ ಬಿಗಿದುಕೊಂಡಿರಬೇಕು.

ನನ್ನ ಕೂಗಿಗೆ ಕೊಟ್ರೇಶಣ್ಣ ಬಂದು ತಲೆ ತೂರಿಸಿ, "ಅಯ್ಯೋ ಶಿವನೇ, ಪಿನ್ ತುಂಡಾಗೈತಲ್ಲೋ!" ಎಂದರು. ಅಡ್ಡ ಸರಳನ್ನೂ ತಮ್ಮನ್ನೂ ಜೋಡಿಸುವ ಬೆರಳುಗಾತ್ರದ ಮೆದು ಕಬ್ಬಿಣದ ಪಿನ್ನು ಅದು. ತಾವು ಎಲ್ಲಾದರೂ ಸಿಕ್ಕಿಕೊಂಡರೆ ಒಳಗಿನ ಗೇರಿನ ಹಲ್ಲುಗಳು ಮುರಿಯದಿರಲೆಂದು ತಾನೇ ಮುರಿದುಕೊಳ್ಳುವುದು ಅದರ ಕೆಲಸ. ಯಾರಿಗೂ ಹೇಳದೆ ಮಾಡಿ ಮುಗಿಸಿತ್ತು. ತಮಗೆ ಹಾರ ಬಿತ್ತು, ಪ್ರಾಣ ಹೋದದ್ದು ಅದರದು. "ಈ ಸಲ ಗಟ್ಟಿ ಬೋಲ್ಟೇ ಜಡಿದುಬಿಡನಾ?" ಎಂದ ಕೊಟ್ರೇಶಣ್ಣ, ಮರುಕ್ಷಣವೇ "ಬ್ಯಾಡ ಬ್ಯಾಡ, ಆಮ್ಯಾಲೆ ಹಲ್ಲೇ ಹೋಗ್ತಾವೆ," ಎಂದು ತಲೆ ಕೊಡವಿದರು. ಆದರೆ ಸುತ್ತಿಕೊಂಡಿದ್ದ ದಾರ ಕತ್ತರಿಸಬಹುದೋ ಬಾರದೋ? ಎಲ್ಲರೂ ಮರುಳಸಿದ್ದಮ್ಮನವರ ಮುಖ ನೋಡಿದೆವು. ಅವರು ಆಡನ್ನೊಮ್ಮೆ, ತಮ್ಮನ್ನೊಮ್ಮೆ ನೋಡಿ, "ಹೂವು ಹೋತಲ್ಲ, ಇನ್ನ ಅದು ಹಾರ ಅಲ್ಲ, ಬರೀ ದಾರ. ನಾವಂತೂ ಕಿತ್ತಿಲ್ಲ. ಕೊಯ್ಯಿರಿ," ಎಂದು ಆದೇಶ ಹೊರಡಿಸಿದರು.

ದಾರ ಕೊಯ್ದೆವು. ಬಲಗಾಲನ್ನು ಕ್ಷಮೆ ಕೇಳಿ ಮೇಲೆತ್ತಿ, ಇಬ್ಬರನ್ನೂ ಸಮಕ್ಕೆ ತಂದು, ಕೊಟ್ರೇಶಣ್ಣನ ಪೆಟ್ಟಿಗೆಯಲ್ಲಿದ್ದ ಹೊಸ ಪಿನ್ ಕೂರಿಸಿ, ಗುಂಡಿ ಒತ್ತಿದೆ. ಇಬ್ಬರೂ ಇಳಿದಿರಿ. ಗೌಸ್ ಪೀರ್ ಮಾವ ಲಾರಿ ಬಿಡಿಸಿಕೊಂಡು, ಹಾರ್ನ್ ಹೊಡೆಯುತ್ತ ಏರಿ ದಾಟುವಾಗ ಎದುರಿಗೇ ಪರಮೇಶ್ವರಪ್ಪನವರ ಕಾರು ಬಂತು. ಅವರ ಮನೆಯವರು ಮೆಟ್ಟಿಲು ಹತ್ತಿ ಒಳಗೆ ಹೋಗಿ, ನೆಲದ ಮೇಲಿದ್ದ ನಿಂಬೆಹಣ್ಣು ಎತ್ತಿಕೊಂಡು ಇದೇನೆಂದು ಕೇಳಿದರು. ದೃಷ್ಟಿಗೆ ಇಟ್ಟದ್ದು, ನಿನ್ನೆ ಉರುಳಿ ಮೂಲೆ ಸೇರಿತ್ತು ಎಂದು ಇದ್ದದ್ದನ್ನು ಹೇಳಿದೆ. ಅವರು ಅದನ್ನು ನಡುವೆ ಇಟ್ಟು ನೋಡಿದರು. ಅದು ಅಲ್ಲಾಡಲಿಲ್ಲ. ಅವರು ಗೋಡೆ ಹಿಡಿಯದೆ ಕಿಟಕಿಯವರೆಗೆ ನಡೆದುಹೋಗಿ ಕೆರೆ ನೋಡುತ್ತ ನಿಂತರು. ಹೊರಗೆ ಕೊಟ್ರೇಶಣ್ಣ ನನ್ನ ಬೆನ್ನಿಗೊಂದು ಗುದ್ದಿ, "ಗಾಲಿ ಬಿಚ್ಚಂಗಿಲ್ಲ ಬಿಡಲೇ. ಮುಂದಿನ ವಾರ ಎಲ್ಲಿಗೆ ಹೋಗನ ಹೇಳು," ಎಂದರು.

ಆದ್ದರಿಂದ ಮಾನ್ಯರೇ, ನನ್ನ ಕೋರಿಕೆಗಳು ಅಲ್ಪವೇ. ಮುಂದೆ ತಾವು ಮುಷ್ಕರ ಹೂಡುವ ಮುನ್ನ ದಯವಿಟ್ಟು ಒಮ್ಮೆ ಕೆಮ್ಮಿ ಸೂಚನೆ ಕೊಡಬೇಕು. ತಮ್ಮ ಬದಲು ಎರಡು ದಿನ ಒಂಟಿಯಾಗಿ ದುಡಿದ ಬಲಗಾಲಿಗೆ ಕನಿಷ್ಠ ಒಂದು ನಮಸ್ಕಾರ ಹೇಳಬೇಕು. ಸನ್ಮಾನಕ್ಕೆ ಯಾರಾದರೂ ಹೂವು ತಂದರೆ ಚೆಂಡುಹೂವು ತಮಗೆ ಒಗ್ಗುವುದಿಲ್ಲವೆಂದು ವೈದ್ಯರ ಸರ್ಟಿಫಿಕೇಟು ತೋರಿಸಬೇಕು. ಹಾಗೂ ತಮ್ಮ ಇಲಾಖೆಯ ಮೇಲ್ವಿಚಾರಣೆಗೆ ಕೆಂಚವ್ವನ ಆಡನ್ನು ಕಾಯಂ ಆಗಿ ನೇಮಿಸಲು ತಮ್ಮ ಒಪ್ಪಿಗೆ ಇರಬೇಕು.

ತಮ್ಮ ಪಕ್ಕದಲ್ಲೇ ಸ್ಪಾನರ್ ಹಿಡಿದು ಕುಕ್ಕರಗಾಲಲ್ಲಿ ಕೂತಿರುವ,
ತಮ್ಮ ಮೇಲೆ ಅರ್ಧ ವಿಶ್ವಾಸವುಳ್ಳ ವಿಶ್ವಾಸಿ,
ಎರ್ರಿಸ್ವಾಮಿ

ಪ್ರತಿ: ಬಲಗಾಲು ಅವರಿಗೆ, ಗೌರವಪೂರ್ವಕವಾಗಿ. ಕೆಂಚವ್ವನ ಆಡಿಗೆ, ಇದನ್ನು ತಿನ್ನಬಾರದೆಂಬ ವಿನಂತಿಯೊಂದಿಗೆ.

ಮರೆತ ಮಾತು: ತಾವು ಇಳಿದ ಸಂತೋಷಕ್ಕೆ ಮರುಳಸಿದ್ದಮ್ಮನವರು ಇವತ್ತು ಬೆಳಗ್ಗೆ ಮೊದಲಿಗಿಂತ ದಪ್ಪನೆಯ ಹಾರ ತರಿಸಿದ್ದಾರೆ, ಈ ಸಲ ಬಾಳೆನಾರಿನಲ್ಲಿ ಕಟ್ಟಿದ್ದು. "ಅಮ್ಮಾ, ಇದನ್ನ ಕೆಲಸ ಮಾಡಿದವರಿಗೆ ಹಾಕ್ತೀನಿ," ಎಂದು ಅವರೆದುರಿಗೇ ಹೇಳಿ ಆಡಿನ ಕೊರಳಿಗೆ ಹಾಕಿದೆ. ಅದೂ ಅದರ ಮರಿಯೂ ಸೇರಿ ಸನ್ಮಾನವನ್ನು ನಿಂತಲ್ಲೇ ತಿಂದು ಮುಗಿಸಿ, ಕೂಡಲೇ ಕೆಲಸಕ್ಕೆ ಹಾಜರಾದವು. ತಾವು ಕಲಿಯಬೇಕಾದದ್ದು ಇಷ್ಟೇ.